ಕಾರಿನ ಹಳೇ ಆಂಪ್ಲಿಫೈಯರ್ ಆನ್ ಮಾಡಿದ ತಕ್ಷಣ ಫ್ಯೂಸ್ ಹೋಗುತ್ತೆ. ಕೆಪಾಸಿಟರ್ ಎಲ್ಲಾ ಮನೆಯಲ್ಲೇ ಬದಲಿಸಿದರೆ ಸರಿಹೋಗುತ್ತಾ?

ಕೆಪಾಸಿಟರ್ ಆರ್ಡರ್ ಮಾಡಿದ್ದರೆ ಮೊದಲು ಕ್ಯಾನ್ಸಲ್ ಮಾಡಿ. ತಲೆ ಊದಿಕೊಂಡಿಲ್ಲ, ಸೋರಿಲ್ಲ ಅಂದ್ರೆ ಅವುಗಳ ತಂಟೆಗೆ ಹೋಗಬೇಡಿ. ರಿಮೋಟ್ ವೈರ್, ಅಂದ್ರೆ ಸ್ಟೀರಿಯೊದಿಂದ ಬಂದು ಆಂಪ್ ಆನ್ ಮಾಡಿಸೋ ತೆಳು ವೈರ್, ಬಿಚ್ಚಿಟ್ಟು ಹೊಸ ಫ್ಯೂಸ್ ಹಾಕಿ ನೋಡಿ. ಆಗಲೂ ಹೋದರೆ ಬಹುಮಟ್ಟಿಗೆ ಪವರ್ ಸಪ್ಲೈ ಮಾಸ್‌ಫೆಟ್ (ಕರೆಂಟನ್ನ ಆನ್-ಆಫ್ ಮಾಡೋ ಟ್ರಾನ್ಸಿಸ್ಟರ್) ಶಾರ್ಟ್ ಆಗಿರುತ್ತೆ.

ನಮ್ಮಪ್ಪನ ಓಮ್ನಿಯಲ್ಲಿದ್ದ ಆಂಪ್ ನನಗೂ ಇದೇ ಆಟ ಆಡಿಸಿತ್ತು. ತುಮಕೂರಲ್ಲಿ ತೋರಿಸಿದ ಕಡೆ "ಬೋರ್ಡೇ ಹೋಗಿದೆ ಸಾರ್, ಹೊಸದು ತಗೊಳ್ಳಿ" ಅಂದ್ರು. ಹಟಕ್ಕೆ ಬಿದ್ದು ಮನೇಲಿ ಬಿಚ್ಚಿದೆ. ಒಳಗೆ ಮಾಸ್‌ಫೆಟ್‌ಗಳನ್ನ ಆನ್-ಆಫ್ ಮಾಡಿಸೋ ಟಿಎಲ್494 ಐಸಿ, ತಾಮ್ರದ ತಂತಿ ಸುತ್ತಿದ ರಿಂಗ್ ಟ್ರಾನ್ಸ್‌ಫಾರ್ಮರ್, ಅಂಚಿನಲ್ಲಿ ಸಾಲಾಗಿ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್‌ಗಳು. ಅವುಗಳ ಡ್ರೈನ್, ಸೋರ್ಸ್ ಅನ್ನೋ ಎರಡು ಕಾಲಿಗೂ ಮಲ್ಟಿಮೀಟರ್ ಇಟ್ಟರೆ ಒಂದು ಕಡೆಯವೆಲ್ಲ ಕುಯ್ಯೋ ಅಂತ ಕೂಗಿದವು, ಅಂದ್ರೆ ಶಾರ್ಟ್. ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಂದ ಹೊಸವು ತಂದು ಹಾಕಿದೆ. ಮೇಜಿನ ಮೇಲೆ ಜೋರಾಗೇ ಹಾಡಿತು.

ಕೆಟ್ಟಿದ್ದು ಆಮೇಲೆ. ಮಾಸ್‌ಫೆಟ್ ಬೆನ್ನಿಗಿರುವ ತಗಡು ಬರೀ ಬಿಸಿ ಇಳಿಸೋಕೆ ಅಂದ್ಕೊಂಡಿದ್ದೆ. ಅದು ಒಳಗೇ ಡ್ರೈನ್‌ಗೆ ಸೇರಿರುತ್ತೆ. ಅದಕ್ಕೇ ತಗಡಿಗೂ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೂ ಮಧ್ಯೆ ಕರೆಂಟ್ ತಡೆಯುವ ತೆಳು ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಇಡೋದು. ಹಳೇ ಮೈಕಾ ಬಿಡಿಸುವಾಗ ಬಿಸಿ ದಾಟಿಸೋಕೆ ಹಚ್ಚಿದ್ದ, ಒಣಗಿದ ಬಿಳೀ ಪೇಸ್ಟ್ ಜೊತೆ ಒಂದರ ಮೂಲೆ ಚಕ್ಕೆ ಎದ್ದು ಬಂದಿತ್ತು. ಕಣ್ಣಿಗೆ ಕಂಡಿತ್ತು ಕೂಡ! ಪೇಸ್ಟ್‌ನಲ್ಲಿ ಕರೆಂಟ್ ಹರಿಯಲ್ಲವಲ್ಲ, ಅದೇ ತಡೆಯುತ್ತೆ ಅಂತ ದಪ್ಪಗೆ ಮೆತ್ತಿ ಸ್ಕ್ರೂ ಬಿಗಿದೆ. ಪೇಸ್ಟ್‌ನಲ್ಲಿ ಹರಿಯಲ್ಲ ಅನ್ನೋದೇನೋ ನಿಜ. ಆದರೆ ಬಿಗಿದಷ್ಟೂ ಅದು ಪಕ್ಕಕ್ಕೆ ಜಾರುತ್ತೆ, ಬಿಸಿಯಾದರೆ ಇನ್ನಷ್ಟು, ಕೊನೆಗೆ ತಗಡು ಹೀಟ್‌ಸಿಂಕ್‌ಗೆ ತಾಗುತ್ತೆ. ಮೇಜಿನ ಮೇಲಿದ್ದಾಗ ಹೀಟ್‌ಸಿಂಕ್ ಯಾವುದಕ್ಕೂ ತಾಗಿರಲಿಲ್ಲ. ಗಾಡಿಯಲ್ಲಿ ಅದನ್ನ ಬಾಡಿಗೇ ಸ್ಕ್ರೂ ಹೊಡೆದಿದ್ದೆ, ಬಾಡಿ ಅಂದ್ರೆ ಬ್ಯಾಟರಿ ಮೈನಸ್. ಬಿ.ಎಚ್. ರಸ್ತೆಯಲ್ಲಿ ಬಟವಾಡಿ ತನಕ ಹಾಡಿ, ಅಲ್ಲಿ ಸುಟ್ಟ ವಾಸನೆ ಬಂತು. ಹೊಸ ಮಾಸ್‌ಫೆಟ್ ಜೊತೆ ಅವುಗಳ ಗೇಟ್ ಅನ್ನೋ ಕಾಲಿಗೆ ಸೇರಿದ ಗೇಟ್ ರೆಸಿಸ್ಟರ್‌ಗಳೂ ಹೋಗಿ, ಬೋರ್ಡಿನ ತಾಮ್ರದ ಪಟ್ಟಿ ಎದ್ದು ನಿಂತಿತ್ತು. ಫ್ಯೂಸ್ ಹೋಗಿದ್ದು ಅದಾದ ಮೇಲೆ. ಅದು ಉಳಿಸೋದು ವೈರನ್ನ, ಮಾಸ್‌ಫೆಟ್ಟನ್ನಲ್ಲ.

ಎರಡನೇ ಸಲ ಪಾರ್ಟ್ಸ್ ಕೇಳೋಕೆ ಹೋದಾಗ ಕೌಂಟರಿನವರು ಕೇಳಿದ್ದು ಒಂದೇ: "ಮೈಕಾ ಬೇಡ್ವಾ ಸಾರ್?"

ಹಾಗಾಗಿ ನೀವು ಮೈಕಾ, ಬುಶ್ ಎಲ್ಲಾ ಹೊಸದೇ ತಗೊಳ್ಳಿ. ಸ್ಕ್ರೂ ಬಿಗಿದ ಮೇಲೆ ಒಂದೊಂದರ ತಗಡಿಗೂ ಹೀಟ್‌ಸಿಂಕ್‌ಗೂ ಮೀಟರ್ ಇಡಿ, ಕೂಗಬಾರದು. ಒಂದು ಸತ್ತಿದ್ದರೂ ಅಷ್ಟೂ ಮಾಸ್‌ಫೆಟ್ ಒಂದೇ ಕಂಪನಿಯದು ಹಾಕಿ, ಗೇಟ್ ರೆಸಿಸ್ಟರ್ ಅಳೆದು ನೋಡಿ. ಮೊದಲ ಸಲ ಆನ್ ಮಾಡುವಾಗ ಪ್ಲಸ್ ವೈರಿಗೆ ಸೀರೀಸ್‌ನಲ್ಲಿ 12 ವೋಲ್ಟ್ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಹಾಕಿ. ಒಳಗೆ ಪೂರ್ತಿ ಶಾರ್ಟ್ ಇದ್ದರೂ ಬಲ್ಬ್ ಹೊತ್ತಿದ ಮೇಲೆ ಸುಮಾರು 1.75 ಆಂಪಿಯರ್ ಅಷ್ಟೇ ಹರಿಯುತ್ತೆ. ಒಮ್ಮೆ ಮಿಂಚಿ ಮಂಕಾದರೆ ಸರಿ, ಉರೀತಾನೇ ಇದ್ದರೆ ತಕ್ಷಣ ಕಿತ್ತುಬಿಡಿ. ಬಲ್ಬ್ ಇರುವಾಗ ವಾಲ್ಯೂಮ್ ಏರಿಸಬೇಡಿ, ಸರಿಯಿರೋ ಆಂಪ್‌ಗೂ ಆಗ ಬಲ್ಬ್ ಉರಿಯುತ್ತೆ.

ಇಷ್ಟಾಗಿಯೂ ಕೆಪಾಸಿಟರ್ ಬದಲಿಸಲೇಬೇಕು ಅನ್ನಿಸಿದರೆ ಆಂಪ್ ಹಾಡೋಕೆ ಶುರು ಮಾಡಿದ ಮೇಲೆ ಬದಲಿಸಿ. ರಿಮೋಟ್ ವೈರ್ ತೆಗೆದಾಗ ಏನಾಯ್ತು ಅಂತ ತಿಳಿಸಿ.