ಶಿಕ್ಷಕರ ಪ್ರಶ್ನೋತ್ತರ: ಹನ್ನೆರಡು ಶಾಲೆ, ಒಂದೇ ಫೋಲ್ಡರ್

ಪ್ರಶ್ನೆ: ಹನ್ನೆರಡು ಪ್ರೌಢಶಾಲೆಗಳ ಗಣಿತ ಶಿಕ್ಷಕರು ಸೇರಿ ಪ್ರಶ್ನೆಕೋಶ ಮಾಡುತ್ತಿದ್ದೇವೆ. ವಾಟ್ಸ್‌ಆ್ಯಪ್ ಗುಂಪಿಗೆ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತ ಬರುತ್ತಲೇ ಇವೆ. ಯಾವುದನ್ನು ನಂಬುವುದು? ಮಳೆ ಹಿಡಿದರೆ ನೆಟ್‌ವರ್ಕೂ ಇರುವುದಿಲ್ಲ.
– ಶಿಕ್ಷಕಿ, ಸಕಲೇಶಪುರ

ಉತ್ತರ: ಗುಂಪಿಗೆ ಕಡತ ಕಳಿಸುವುದನ್ನೇ ನಿಲ್ಲಿಸಿ. ಗೂಗಲ್ ಡಾಕ್ಸ್‌ನಲ್ಲಿ ಅಧ್ಯಾಯಕ್ಕೊಂದು ಕಡತ ಇಡಿ. ಎಲ್ಲ ಅಧ್ಯಾಯವನ್ನೂ ಒಂದರಲ್ಲೇ ತುಂಬಿದರೆ ಚಿತ್ರಗಳ ಭಾರಕ್ಕೆ ಫೋನು ತೆವಳುತ್ತದೆ. ಅವೆಲ್ಲ ಇರುವ ಫೋಲ್ಡರಿನ ಲಿಂಕನ್ನು ಗುಂಪಿನ ವಿವರಣೆಯಲ್ಲಿ ಹಾಕಿ. ಪಿನ್ ಮಾಡಿದ ಸಂದೇಶ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ವಿವರಣೆ ಹಾಗಲ್ಲ.

‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಎಂದು ಬಿಡಬೇಡಿ. ಬಸ್ಸಿನಲ್ಲಿ ಕೂತು ತೆರೆದವರ ಹೆಬ್ಬೆರಳು ತಾಗಿ ಅರ್ಧ ಪುಟ ಅಳಿಸಿಹೋಗುವುದು ಹೀಗೆಯೇ. ಒಂದೊಂದು ಅಧ್ಯಾಯಕ್ಕೆ ಇಬ್ಬರಿಗೆ ಮಾತ್ರ ‘ಎಡಿಟರ್’ ಅನುಮತಿ, ಉಳಿದವರಿಗೆ ‘ಕಾಮೆಂಟರ್’ ಸಾಕು. ಆದರೂ ಅಳಿಸಿತೋ, ಕಂಪ್ಯೂಟರಿನಲ್ಲಿ ಫೈಲ್ ಮೆನುವಿನ ‘ವರ್ಷನ್ ಹಿಸ್ಟರಿ’ಗೆ ಹೋಗಿ ಹಿಂದಿನ ದಿನದ ಪ್ರತಿಯನ್ನು ಮರಳಿ ತನ್ನಿ.

ಇನ್ನು ಮಳೆಯ ಮಾತು. ನೆಟ್‌ವರ್ಕ್ ಇರುವಾಗಲೇ ಡಾಕ್ಸ್ ಆ್ಯಪ್‌ನಲ್ಲಿ ಕಡತದ ಪಕ್ಕದ ಮೂರು ಚುಕ್ಕೆ ಒತ್ತಿ ‘ಮೇಕ್ ಅವೇಲಬಲ್ ಆಫ್‌ಲೈನ್’ ಆರಿಸಿಟ್ಟುಕೊಳ್ಳಬೇಕು. ಸಿಗ್ನಲ್ ಹೋದ ಮೇಲೆ ಹುಡುಕಿದರೆ ಸಿಗದು. ಆಫ್‌ಲೈನಿನಲ್ಲಿ ಬರೆದದ್ದು ಸಿಗ್ನಲ್ ಬಂದೊಡನೆ ತಾನಾಗಿ ಸೇರುತ್ತದೆ. ಆದರೆ ಇಬ್ಬರು ಒಂದೇ ಸಾಲನ್ನು ಆಫ್‌ಲೈನಿನಲ್ಲಿ ತಿದ್ದಿದ್ದರೆ ಎರಡೂ ಬೆರೆತು ಕಲಸುಮೇಲೋಗರವಾಗುತ್ತದೆ. ಅದಕ್ಕೇ ‘ಎಡಿಟರ್’ ಅನುಮತಿ ಇರುವವರು ಆಫ್‌ಲೈನಿನಲ್ಲಿ ಹೊಸ ಪ್ರಶ್ನೆ ಸೇರಿಸುವುದು ಮಾತ್ರ, ಅದೂ ತಮ್ಮ ಶಾಲೆಯ ಹೆಸರಿರುವ ಭಾಗದ ಕೊನೆಗೆ. ಹಳೆಯದನ್ನು ತಿದ್ದುವ ಕೆಲಸ ಆನ್‌ಲೈನ್ ಇದ್ದಾಗ.

ಪ್ರಶ್ನೆ: ‘ನುಡಿ’ ಟೈಪಿಂಗ್ ತಂತ್ರಾಂಶದಲ್ಲಿ ಬರೆದ ನನ್ನ ಹಳೆಯ ಕಡತಗಳನ್ನು ಡಾಕ್ಸ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಮತ್ತೆ ಟೈಪ್ ಮಾಡಬೇಕೇ?
– ಸಮಾಜ ವಿಜ್ಞಾನ ಶಿಕ್ಷಕ, ಮೂಡಿಗೆರೆ

ಉತ್ತರ: ಬೇಡ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಅಕ್ಷರವೇ ಹೊರಬೀಳುತ್ತದೆ. ಕನ್ವರ್ಟರ್ ಎಂಬ ಅಕ್ಷರ ಬದಲಿಸುವ ತಂತ್ರಾಂಶ ಬಳಸಿ, ಆ ಫಾಂಟ್ ಇಲ್ಲದ ಕಡೆಯೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ. ಪ್ರಶ್ನೆಪತ್ರಿಕೆಯಾದರೆ ಅಂತರ್ಜಾಲದ ಕನ್ವರ್ಟರಿಗೆ ಅಂಟಿಸದೆ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವುದನ್ನು ಬಳಸುವುದು ಕ್ಷೇಮ.

ಎಡವುವುದು ಎರಡು ಕಡೆ. ಕಡತದೊಳಗೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಕನ್ವರ್ಟರಿಗೆ ಅದು ಗೊತ್ತಾಗುವುದಿಲ್ಲ. ಅವನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಿ. ಎರಡನೆಯದು ಅರ್ಕಾವತ್ತು: ‘ಕರ್ನಾಟಕ’, ‘ಧರ್ಮ’, ‘ವರ್ಷ’ ಇಂಥ ಪದಗಳನ್ನು ಕಣ್ಣಿಟ್ಟು ನೋಡಿ. ಹಾಗೆಯೇ ಕನ್ನಡ ಅಂಕಿಯ ಸೊನ್ನೆ (೦) ಮತ್ತು ಅನುಸ್ವಾರ (ಂ). ಒಂದರ ಬದಲು ಇನ್ನೊಂದು ಕೂತರೆ ಕಣ್ಣಿಗೆ ಗೊತ್ತಾಗದು, ಆದರೆ ಹುಡುಕಿದರೆ ಆ ಪದ ಸಿಗುವುದಿಲ್ಲ. ಮೊದಲು ಒಂದು ಪುಟ ಬದಲಿಸಿ ಪರೀಕ್ಷಿಸಿ. ಇನ್ನು ಮುಂದೆ ನುಡಿಯಲ್ಲೇ ಬರೆದರೂ ಯೂನಿಕೋಡ್ ಆಯ್ಕೆಯಲ್ಲಿ ಬರೆಯಿರಿ.

ಪ್ರಶ್ನೆ: ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ಕೋರ್ಸ್ ಫೋನಿನಲ್ಲಿ ಮುಗಿಸಿದ್ದೇನೆ, ಇನ್ನೂ ಪೂರ್ಣಗೊಂಡಂತೆ ತೋರಿಸುತ್ತಿಲ್ಲ.
– ಅರಸೀಕೆರೆ

ಉತ್ತರ: ಡೌನ್‌ಲೋಡ್ ಮಾಡಿಕೊಂಡು ಆಫ್‌ಲೈನಿನಲ್ಲಿ ನೋಡಿದ್ದರೆ ಆ ಲೆಕ್ಕ ಫೋನಿನಲ್ಲೇ ಉಳಿದಿರುತ್ತದೆ. ಇಂಟರ್ನೆಟ್ ಹಾಕಿ, ಕೋರ್ಸ್ ಪುಟದ ಮೂರು ಚುಕ್ಕೆಯಲ್ಲಿ ‘ಸಿಂಕ್ ಪ್ರೋಗ್ರೆಸ್ ನೌ’ ಒತ್ತಿ. ಅದಕ್ಕೂ ಮೊದಲು ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡರೆ ಮಾಡಿದ್ದೆಲ್ಲ ಹೋದಂತೆ.

ಪ್ರಶ್ನೆ: ಆನ್‌ಲೈನ್ ಸಭೆಯಲ್ಲಿ ಇಬ್ಬರೇ ಮಾತಾಡುತ್ತಾರೆ, ಉಳಿದವರು ಮ್ಯೂಟ್. ಕಲಿಕೆ ಆಗುವುದು ಹೇಗೆ?
– ಶಿಕ್ಷಕಿ, ಕೊಪ್ಪ

ಉತ್ತರ: ಭಾಷಣ ಬಿಟ್ಟು ಮಕ್ಕಳ ತಪ್ಪುಗಳನ್ನು ಮುಂದಿಟ್ಟುಕೊಳ್ಳಿ. ಎರಡು ದಿನ ಮೊದಲೇ ಪ್ರತಿಯೊಬ್ಬರೂ ಒಂದು ತಪ್ಪು ಉತ್ತರದ ಚಿತ್ರ ಕಳಿಸಲಿ. ಮಗುವಿನ ಹೆಸರು ಮುಚ್ಚಿರಬೇಕು. ಫೋಟೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಕುಗ್ಗಿಸಿ ಪೆನ್ಸಿಲ್ ಬರಹ ಮಸುಕಾಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಉಚಿತ ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷಕ್ಕೆ ಕರೆ ಮುಗಿಯುತ್ತದೆ. 45ಕ್ಕೆ ಯೋಜಿಸಿ, ಮೂರು ಉತ್ತರಕ್ಕಿಂತ ಹೆಚ್ಚು ಬೇಡ.

1/2 + 1/3 = 2/5 ಎಂದು ಬರೆದ ಉತ್ತರ ಬಂತೆನ್ನಿ. ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದೆ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಮತ್ತೆ ಹೇಳಿಕೊಟ್ಟರೆ ಸಾಲದು. ‘2/5 ಅರ್ಧಕ್ಕಿಂತ ಚಿಕ್ಕದು, ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಚಿಕ್ಕದಾಗುತ್ತದೆಯೇ?’ ಎಂದು ಕೇಳುವ ದಾರಿ ಒಬ್ಬರಿಗೆ ಹೊಳೆಯುತ್ತದೆ, ರೊಟ್ಟಿ ಹರಿದು ತೋರಿಸುವುದು ಇನ್ನೊಬ್ಬರಿಗೆ. ಎಲ್ಲರೂ ತಂತಮ್ಮ ತರಗತಿಯಲ್ಲಿ ಒಂದನ್ನು ಮಾಡಿ ನೋಡಿ, ಏನಾಯಿತೆಂದು ಹಂಚಿಕೊಂಡ ಕಡತದಲ್ಲಿ ಎರಡೇ ಸಾಲು ಬರೆಯಲಿ. ಮುಂದಿನ ಸಭೆ ಆ ಸಾಲುಗಳನ್ನು ಓದುವುದರಿಂದ ಶುರುವಾಗಲಿ. ಬರೆದವರೇ ಓದಬೇಕು, ಆಗ ಮ್ಯೂಟ್ ತೆಗೆಯದೆ ವಿಧಿಯಿಲ್ಲ.