ಬೆಳಗಾವಿಯಲ್ಲಿ ನಗರಸೇವಕರಾಗಲು ನಿಂತವರನ್ನು ಜನ ಏನು ಕೇಳುತ್ತಾರೆ

ನಿಮ್ಮೂರಲ್ಲಿ ಪಾಲಿಕೆ ಚುನಾವಣೆಗೆ ನಿಲ್ಲುವವರು ಕನ್ನಡ-ಮರಾಠಿ ಬಿಟ್ಟು ಬೇರೆ ಏನು ಮಾತಾಡ್ತಾರೆ ಅಂತ ಕೇಳಿದಿರಲ್ಲ ಸರ್, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮೈಸೂರು, ಬೆಂಗಳೂರು ಕಡೆಯವರಿಗೆ ಬೆಳಗಾವಿ ಟಿವಿಯಲ್ಲಿ ಕಾಣುವುದೇ ವರ್ಷಕ್ಕೆ ಎರಡು ಸಲ. ನವೆಂಬರ್ 1ಕ್ಕೆ ಒಮ್ಮೆ, ಚಳಿಗಾಲದ ಅಧಿವೇಶನಕ್ಕೆ ಇನ್ನೊಮ್ಮೆ. ಎರಡೂ ಸಲ ಬಾವುಟ, ಘೋಷಣೆ, ಪೊಲೀಸ್ ಬಂದೋಬಸ್ತ್. ಉಳಿದ ದಿನಗಳಲ್ಲಿ ನಮ್ಮ ಗಲ್ಲಿಯ ಮಾತು ನಳದ್ದು, ಗಟಾರದ್ದು, ಆಸ್ತಿಯ ದಾಖಲೆಯಾದ ಉತಾರದ್ದು.

ನಾವು ಇಲ್ಲಿ ಕಾರ್ಪೊರೇಟರ್ ಅನ್ನುವುದಕ್ಕಿಂತ ನಗರಸೇವಕ ಅನ್ನುವುದೇ ಜಾಸ್ತಿ. ಕನ್ನಡದವರೂ ಮರಾಠಿಯವರೂ ಅದೇ ಮಾತು ಬಳಸುತ್ತಾರೆ. ಪಾಲಿಕೆಯಲ್ಲಿ 58 ವಾರ್ಡ್. 2011ರ ಜನಗಣತಿಯ ಲೆಕ್ಕ ಹಿಡಿದರೂ ಒಂದು ವಾರ್ಡಿಗೆ ಎಂಟು ಸಾವಿರದ ಮೇಲೆ ಜನ ಬರುತ್ತಾರೆ, ಅಷ್ಟೇ. ನಿಂತವರ ಮನೆ ಯಾವುದು, ಅವರಪ್ಪ ಯಾರು, ಯಾರ ಮದುವೆಗೆ ಬಂದಿದ್ದರು, ಯಾರ ಮಣ್ಣಿಗೆ ಬರಲಿಲ್ಲ, ಎಲ್ಲಾ ಎಲ್ಲರಿಗೂ ಗೊತ್ತು.

ಭಾಷೆಯ ವಿಷಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬಹಳ ವರ್ಷ ಇಲ್ಲಿ ಭಾಷೆಯ ಗುಂಪು ಕಟ್ಟಿಕೊಂಡೇ ನಿಲ್ಲುತ್ತಿದ್ದರು. ಮಹಾರಾಷ್ಟ್ರದ ಜೊತೆಗಿನ ಗಡಿ ವಿಷಯಕ್ಕೇ 2005ರಲ್ಲೊಮ್ಮೆ, 2011ರಲ್ಲೊಮ್ಮೆ ಸರ್ಕಾರ ಪಾಲಿಕೆಯನ್ನು ಸೂಪರ್‌ಸೀಡ್ ಮಾಡಿತು, ಅಂದರೆ ಆರಿಸಿ ಬಂದವರನ್ನು ಇಳಿಸಿ ಅಧಿಕಾರಿಯ ಕೈಗೆ ಕೊಟ್ಟಿತು. ಹಾಗಾದಾಗ ಗಲ್ಲಿಯ ಹೆಂಗಸರು ಕೊಡ ಹಿಡಿದು ಯಾರ ಮನೆಗೆ ಹೋಗಬೇಕು ಹೇಳಿ? ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ನಗರಸೇವಕ ಎಲ್ಲಿಗೂ ಹೋಗುವುದಿಲ್ಲ. ಬೆಳಗ್ಗೆ ಏಳಕ್ಕೆ ಬಾಗಿಲು ತಟ್ಟಬಹುದು. ನಮಗೆ ಬೇಕಾದದ್ದೇ ಅದು.

2021ರ ಸೆಪ್ಟೆಂಬರ್ 3ರಂದು ನಡೆದದ್ದು ಪಕ್ಷದ ಚಿಹ್ನೆ ಇಟ್ಟುಕೊಂಡು ನಡೆದ ಮೊದಲ ಪಾಲಿಕೆ ಚುನಾವಣೆ. ಬಿಜೆಪಿಗೆ 35, ಕಾಂಗ್ರೆಸ್ಸಿಗೆ 10, ಎಂಐಎಂಗೆ 1, ಉಳಿದವು ಪಕ್ಷೇತರರಿಗೆ. ಮತ ಹಾಕಿದ್ದು ಹೆಚ್ಚುಕಡಿಮೆ ಅರ್ಧ ಜನ. ಆಗ ವಡಗಾವಿ ಕಡೆ ನಮ್ಮ ಎದುರು ಮನೆಯ ಅಕ್ಕ ಪಕ್ಷೇತರರಾಗಿ ನಿಂತಿದ್ದರು. ಮಹಿಳಾ ಮೀಸಲು ವಾರ್ಡು. ಹದಿನೈದು ದಿನ ನಾನು ಅವರ ಹಿಂದೆ ಚೀಲ ಹೊತ್ತು ತಿರುಗಿದೆ. ನಾನು ಹೇಳುವುದೆಲ್ಲ ಆ ಹದಿನೈದು ದಿನ ಕಂಡದ್ದು.

ಪ್ರಚಾರದ ಕರಪತ್ರ ಅಚ್ಚು ಹಾಕಿಸುವಾಗಲೇ ಮೊದಲ ಚರ್ಚೆ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಅಕ್ಕ ಬಾಗಿಲ ಮುಂದೆ ಒಂದು ಗಳಿಗೆ ಸುಮ್ನೆ ನಿಲ್ಲುತ್ತಿದ್ದರು. ಒಳಗೆ ಟಿವಿ ಯಾವ ಭಾಷೆಯಲ್ಲಿ ನಡೆದಿದೆ, ಅತ್ತೆ ಸೊಸೆಯನ್ನು ಯಾವ ಭಾಷೆಯಲ್ಲಿ ಕೂಗುತ್ತಾಳೆ ಅಂತ ಕೇಳಿಸಿಕೊಂಡು, ಆ ಮಗ್ಗುಲು ಮೇಲೆ ಬರುವಂತೆ ಕಾಗದ ತಿರುಗಿಸಿ ಕೊಡುತ್ತಿದ್ದರು. ಬಾಗಿಲು ತೆರೆದ ಮೇಲೆ ಪ್ರಶ್ನೆ ಮಾತ್ರ ಒಂದೇ. ಒಂದು ಮನೆಯಲ್ಲಿ 'ನಳಕ್ಕ ನೀರ ಯಾವಾಗ ಬರ್ತೈತಿ?' ಅಂತಾರೆ. ಪಕ್ಕದ ಮನೆಯ ಆಜಿ 'ಪಾಣಿ ಕಧೀ ಯೇಣಾರ್?' ಅಂತಾಳೆ.

ನೀರಿನ ಕಥೆ ನಿಮಗೆ ತಿಳಿಯಬೇಕು. ನಗರಕ್ಕೆ ನೀರು ಬರುವುದು ರಾಕಸಕೊಪ್ಪದಿಂದ ಮತ್ತು ಹಿಡಕಲ್ ಜಲಾಶಯದಿಂದ. 2008ರಲ್ಲಿ ಹತ್ತು ವಾರ್ಡುಗಳಿಗೆ ಪ್ರಯೋಗಕ್ಕೆಂದು ದಿನದ 24 ತಾಸೂ ನೀರು ಕೊಡಲು ಶುರು ಮಾಡಿದರು. ದೇಶದ ಬೇರೆ ಊರಿನವರು ಬಂದು ನೋಡಿಕೊಂಡು ಹೋದರು. ಆದರೆ ಉಳಿದ ವಾರ್ಡುಗಳವರು ಅಂದಿನಿಂದ ಅದನ್ನು ನೋಡುತ್ತಲೇ ಕೂತರು. ಒಂದೇ ಊರಿನಲ್ಲಿ ಒಬ್ಬ ತಂಗಿಯ ಮನೆಯಲ್ಲಿ ಮಧ್ಯರಾತ್ರಿಯೂ ನಳ ತಿರುಗಿಸಿದರೆ ನೀರು, ಇನ್ನೊಬ್ಬಳ ಮನೆಯಲ್ಲಿ ಅಂಗಳದ ತುಂಬ ಬ್ಯಾರಲ್ಲು. ಬೇಸಿಗೆಯಲ್ಲಿ ನಮ್ಮ ಗಲ್ಲಿಗೆ ನೀರು ವಾರಕ್ಕೊಮ್ಮೆ ಬಂದದ್ದೂ ಇದೆ. ನೀರು ಬರುವ ದಿನ ಕೆಲಸಕ್ಕೆ ರಜೆ ಹಾಕುವ ಹೆಂಗಸರನ್ನು ನಾನು ಬಲ್ಲೆ.

ಅಕ್ಕ ಇದಕ್ಕೆ ಸುಳ್ಳು ಮಾತು ಕೊಡಲಿಲ್ಲ. ನೀರಿನ ಯೋಜನೆ ನಗರಸೇವಕರೊಬ್ಬರ ಕೈಯಲ್ಲಿಲ್ಲ, ಹೊಸ ಪೈಪಿನ ಕೆಲಸ ರಾಜ್ಯದ ಮಟ್ಟದಲ್ಲಿ ನಡೆಯುವುದು ಅಂತ ಬಿಡಿಸಿ ಹೇಳುತ್ತಿದ್ದರು. 'ನೀರು ಬಿಡುವ ದಿನ, ತಾಸು ಮೊದಲೇ ಗೊತ್ತಾಗುವಂತೆ ಮಾಡ್ತೀನಿ, ಹಳೇ ಬಾವಿ ಸ್ವಚ್ಛ ಮಾಡಿಸ್ತೀನಿ' ಅಂತಿದ್ದರು. ಬಾವಿ ಅಂದರೆ ನಗಬೇಡಿ. ಬೆಳಗಾವಿ ಬಾವಿಗಳ ಊರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನಕ್ಕೆ ಅಂತ ಟಿಳಕವಾಡಿಯಲ್ಲಿ ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿಯೇ. ಗಲ್ಲಿಗಳ ಬಾವಿಗಳಲ್ಲಿ ನೀರಿದೆ, ಮೇಲೆ ಕಸ ತೇಲುತ್ತಿದೆ ಅಷ್ಟೇ.

ಎರಡನೆಯದು ಬಳ್ಳಾರಿ ನಾಲಾ. ಹೆಸರು ಕೇಳಿ ಬಳ್ಳಾರಿಗೂ ಇದಕ್ಕೂ ಏನೋ ಸಂಬಂಧ ಅಂದುಕೊಳ್ಳಬೇಡಿ. ಊರಿನ ಮಳೆನೀರು, ಗಟಾರದ ನೀರು ಹೊತ್ತು ಹೊಲಗಳ ಕಡೆ ಹೋಗುವ ದೊಡ್ಡ ಹಳ್ಳ ಇದು. ಹೂಳು ತುಂಬಿ, ಜಲಕಳೆ ಹಬ್ಬಿ ನಿಂತಿರುತ್ತದೆ. ಜೋರು ಮಳೆ ಬಂತೋ, ನೀರು ಉಕ್ಕಿ ವಡಗಾವಿ, ಶಹಾಪುರ, ಯಳ್ಳೂರು ಕಡೆಯ ಭತ್ತದ ಗದ್ದೆಗೆ ನುಗ್ಗುತ್ತದೆ. ಬೆಳಗಾವಿ ಬಾಸುಮತಿ ಅಂತ ಹೆಸರಾದ ಅಕ್ಕಿ ಬೆಳೆಯುವ ನೆಲ ಅದು. ನಾಟಿ ಮಾಡಿದ ಪೈರು ದಿನಗಟ್ಟಲೆ ಹೊಲಸು ನೀರಿನಲ್ಲಿ ಮುಳುಗಿ ಕೊಳೆಯುತ್ತದೆ. ಮತ್ತೆ ನಾಟಿ, ಮತ್ತೆ ಸಾಲ.

ಗಲ್ಲಿಯ ಒಳಗೂ ಇದೇ ಪಾಡು. ನಮ್ಮದು ನೇಕಾರರ ಭಾಗ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. 2019ರ ಆಗಸ್ಟ್ ಮಳೆಯಲ್ಲಿ ಗಟಾರ ಮೇಲೆ ಬಂದು ಮನೆಯೊಳಗೆ ಮೊಣಕಾಲುದ್ದ ನೀರು. ಮಗ್ಗದ ಮೋಟರ್ ಹೋಯಿತು, ಬೀಮಿಗೆ ಸುತ್ತಿದ್ದ ಹಾಸು ನೂಲು ನೆನೆದು ಅಂಟಿಕೊಂಡಿತು. ನಮ್ಮ ಕಾಕಾ ಆ ನೂಲನ್ನು ಒಣಗಿಸಿದರೆ ಉಳಿಯುತ್ತದೇನೋ ಅಂತ ಮೂರು ದಿನ ಎಳೆ ಎಳೆ ಬಿಡಿಸಿದರು. ಉಳಿಯಲಿಲ್ಲ. ಅವರು ಅಕ್ಕನಿಗೆ ಹೇಳಿದ್ದು ಒಂದೇ ಮಾತು: 'ನನಗ ರೋಡ್ ಬ್ಯಾಡವ್ವಾ, ಮಳಿ ಬರೂಕಿಂತ ಮೊದಲ ಗಟಾರ ತಗಸು.' ಅಕ್ಕನ ಪಟ್ಟಿಯಲ್ಲಿ ಅದೇ ಮೊದಲ ಸಾಲಾಯಿತು. ನೀರಿಗಿಂತ ಮೇಲೆ ಬರೆದುಕೊಂಡರು, ಯಾಕಂದ್ರೆ ಇದು ನಗರಸೇವಕರು ಮನಸ್ಸು ಮಾಡಿದರೆ ಆಗುವ ಕೆಲಸ. ನನ್ನ ಪ್ರಕಾರ ಅವರು ಮಾಡಿದ್ದು ಸರಿ.

ಮೂರನೆಯದು ಉತಾರ. ಇಲ್ಲಿ ಎಷ್ಟೋ ಜನ ನೋಂದಣಿ ಇಲ್ಲದೆ ಬರೀ ಬಾಂಡ್ ಪೇಪರಿನ ಮೇಲೆ ಜಾಗ ಕೊಂಡು ಮನೆ ಕಟ್ಟಿದ್ದಾರೆ. ಉತಾರ ಇಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ಮಗಳ ಮದುವೆಗೆ ಮನೆ ಮಾರಲೂ ಬರುವುದಿಲ್ಲ. 2025ರಲ್ಲಿ ಸರ್ಕಾರ ಇಂಥ ಆಸ್ತಿಗೆ ಬಿ-ಖಾತಾ ಕೊಡಲು ಶುರು ಮಾಡಿದ ಮೇಲೆ ಈ ಚಿಂತೆ ಸ್ವಲ್ಪ ಇಳಿದಿದೆ. ಅರ್ಜಿ ಕನ್ನಡದಲ್ಲಿ ತುಂಬಲು ಬಾರದ ಮರಾಠಿ ಮುದುಕರ ಪಕ್ಕ ಕೂತು ತುಂಬಿಕೊಡುವವರು ಬೇಕು. ಭಾಷೆಯ ಪ್ರಶ್ನೆ ನಮಗೆ ನಿಜವಾಗಿ ತಟ್ಟುವುದು ಇಂಥ ಕಡೆ. ಕನ್ನಡ ಇಲ್ಲಿ ಗಟ್ಟಿಯಾಗಬೇಕು ಅಂತ ನಾನೂ ಬಯಸುವವನೇ. ಅರ್ಜಿ ತುಂಬಿಕೊಟ್ಟವರ ಕನ್ನಡವನ್ನು ಆ ಮುದುಕರು ಪ್ರೀತಿಯಿಂದ ಕೇಳಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅಕ್ಕ ಸೋತರು. ಗೆದ್ದವರಿಗಾದರೂ ಏನು ಸಿಕ್ಕಿತು? ಸೆಪ್ಟೆಂಬರ್ 2021ರಲ್ಲಿ ಗೆದ್ದವರಿಗೆ ಮೇಯರ್ ಸಿಕ್ಕಿದ್ದು 2023ರ ಫೆಬ್ರವರಿ 6ಕ್ಕೆ. ಒಂದೂವರೆ ವರ್ಷದ ಹತ್ತಿರ ಸಭೆಯಿಲ್ಲ, ಸ್ಥಾಯಿ ಸಮಿತಿಯಿಲ್ಲ. ಆ ನಡುವೆ ಒಂದು ಇಡೀ ಮಳೆಗಾಲ ಹೋಯಿತು. ಕೊನೆಗೆ ಮೇಯರ್ ಆದವರು, ಉಪಮೇಯರ್ ಆದವರು ಇಬ್ಬರೂ ಮರಾಠಿ ಮಾತಾಡುವ, ಬಿಜೆಪಿಯಿಂದ ಗೆದ್ದ ಹೆಣ್ಣುಮಕ್ಕಳು. ಗಲ್ಲಿಯಲ್ಲಿ ಯಾರೂ ಅದಕ್ಕೆ ತಕರಾರು ತೆಗೆಯಲಿಲ್ಲ. ಗಟಾರ ಯಾವಾಗ ತೆಗಸ್ತಾರೆ ಅಂತ ಕೇಳಿದರು.

ಮುಂದಿನ ಸಲ ಅಕ್ಕ ನಿಲ್ಲುತ್ತಾರೋ ಇಲ್ಲವೋ, ಆ ಪಟ್ಟಿಯ ನೋಟ್‌ಬುಕ್ ಇನ್ನೂ ಅವರ ಫ್ರಿಜ್ ಮೇಲಿದೆ. ಮೇ ತಿಂಗಳು ಬಂದರೆ ಅದನ್ನು ಹಿಡಿದುಕೊಂಡು ನಾಲಾದ ದಂಡೆಗೆ ಹೋಗಿ, ಜೆಸಿಬಿ ಬಂತಾ ಇಲ್ವಾ ಅಂತ ನೋಡಿ ಬರುತ್ತಾರೆ. ನೀವು ಆ ಹೊತ್ತಿಗೆ ಬನ್ನಿ ಸರ್. ಮೊದಲು ನಾಲಾ ತೋರಿಸ್ತೀನಿ, ಆಮೇಲೆ ಕುಂದಾ ತಿನ್ನೋಣ.