ಹೆಸರು ಬರೆದ ಖಾಲಿ ಟ್ಯೂಬ್

ಓದುಗರ ಪ್ರಶ್ನೆ, ತಜ್ಞರ ಉತ್ತರ: ಆಸ್ಪತ್ರೆಯ ಸ್ಯಾಂಪಲ್‌ಗಳ ಲೇಬಲ್

ಪ್ರಶ್ನೆ: ಬೆಳಗಿನ ರೌಂಡ್ಸ್‌ಗೆ ಮುಂಚೆ ಇಡೀ ವಾರ್ಡಿನ ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು. ಅದಕ್ಕೇ ನೈಟ್ ಡ್ಯೂಟಿಯವರು ಟ್ಯೂಬ್‌ಗಳ ಮೇಲೆ ಮೊದಲೇ ಹೆಸರು ಬರೆದು ಟ್ರೇಯಲ್ಲಿ ಜೋಡಿಸಿಡುತ್ತೇವೆ. ಇದನ್ನು ನಿಲ್ಲಿಸಿ ಎನ್ನುತ್ತಾರೆ ಲ್ಯಾಬಿನವರು. ತಪ್ಪೇನು?
— ಸ್ಟಾಫ್ ನರ್ಸ್, ದಾವಣಗೆರೆ

ಉತ್ತರ: ನಿಲ್ಲಿಸಲೇಬೇಕು. ಹೆಸರಿಲ್ಲದ ಟ್ಯೂಬ್ ಲ್ಯಾಬಿನ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಹೆಸರು ಸರಿಯಿದ್ದು ಒಳಗಿನ ರಕ್ತ ಬೇರೆಯವರದಾದರೆ ಅದು ಯಾರ ಕಣ್ಣಿಗೂ ಬೀಳದೆ ರಿಪೋರ್ಟ್ ಆಗಿ ಹೊರಬರುತ್ತದೆ. ಮೊದಲೇ ಬರೆದಿಡುವುದು ಇಂಥ ತಪ್ಪಿಗೇ ದಾರಿ. 12ನೇ ಬೆಡ್‌ನವರು ಸ್ಕ್ಯಾನಿಂಗ್‌ಗೆ ಹೋಗಿರುತ್ತಾರೆ, ಒಬ್ಬರಿಗೆ ನರ ಸಿಗುವುದಿಲ್ಲ, ನಡುವೆ ಯಾರೋ ಕರೆಯುತ್ತಾರೆ; ಟ್ರೇಯ ಸಾಲು ಒಂದು ಸ್ಥಾನ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಟ್ರೇಯಲ್ಲಿ ಖಾಲಿ, ಹೆಸರಿಲ್ಲದ ಟ್ಯೂಬ್‌ಗಳಷ್ಟೇ ಇರಲಿ. ಒಂದು ಸಲಕ್ಕೆ ಒಬ್ಬರದೇ ರಿಕ್ವೆಸ್ಟ್ ಫಾರಂ, ಒಬ್ಬರದೇ ಸ್ಟಿಕ್ಕರ್ ಹಾಳೆ ಕೈಯಲ್ಲಿರಲಿ. "ಮಂಜುನಾಥ್ ಅಲ್ವಾ?" ಎಂದು ಕೇಳಬೇಡಿ. ಕಿವಿ ಮಂದವಾದವರು, ಜ್ವರದ ಮಂಪರಿನಲ್ಲಿರುವವರು ಏನು ಕೇಳಿದರೂ "ಹ್ಞೂಂ" ಅಂದುಬಿಡುತ್ತಾರೆ. "ನಿಮ್ಮ ಹೆಸರೇನು ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ನಂಬರನ್ನು ಫಾರಂ ಜೊತೆ ತಾಳೆ ನೋಡಿ. ಪ್ರಜ್ಞೆಯಿಲ್ಲದವರಿಗೆ ಕೈಪಟ್ಟಿಯೇ ಆಧಾರ. ರಕ್ತ ತೆಗೆದ ಮೇಲೆ, ಬೆಡ್ ಬಿಟ್ಟು ಕದಲುವ ಮೊದಲು ಸ್ಟಿಕ್ಕರ್ ಅಂಟಿಸಿ, ಸಮಯ ಮತ್ತು ಇನಿಶಿಯಲ್ ಬರೆಯಿರಿ. ನರ್ಸಿಂಗ್ ಸ್ಟೇಷನ್‌ಗೆ ಹೋಗಿ ಅಂಟಿಸುವುದೂ ಮೊದಲೇ ಬರೆದಿಟ್ಟಷ್ಟೇ ಅಪಾಯ.

ಸ್ಟಿಕ್ಕರ್ ಟ್ಯೂಬಿನ ಉದ್ದಕ್ಕೆ ನೇರವಾಗಿರಲಿ. ಸುತ್ತಿ ಅಂಟಿಸಿದರೆ ಮೆಷಿನ್ ಬಾರ್‌ಕೋಡ್ ಓದುವುದಿಲ್ಲ, ಒಳಗಿನ ಮಟ್ಟವೂ ಕಾಣುವುದಿಲ್ಲ. ತಿಳಿನೀಲಿ ಮುಚ್ಚಳದ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಟ್ಯೂಬಿಗೆ ಇದು ಬಹಳ ಮುಖ್ಯ: ಅಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಲೆಕ್ಕ. ಗೆರೆಗಿಂತ ಕಡಿಮೆ ರಕ್ತ ಹಾಕಿದರೆ ಹೆಪ್ಪುಗಟ್ಟುವ ಸಮಯ ಸುಳ್ಳೇ ಹೆಚ್ಚಾಗಿ ಬರುತ್ತದೆ. ಡಿಸ್ಚಾರ್ಜ್ ಆದವರ ಉಳಿದ ಸ್ಟಿಕ್ಕರ್‌ಗಳನ್ನು ಅಂದೇ ಹರಿದು ಹಾಕಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ. ಆಧಾರ್‌ನಲ್ಲಿ ಇಬ್ಬರದೂ ಹುಟ್ಟಿದ ದಿನ ಜನವರಿ 1. ಬೆಡ್ ನಂಬರ್ ಬರೆದರೆ ಸಾಲದೇ?
— ನರ್ಸಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ಸಾಲದು. ಬೆಡ್ ಇಂದು ಒಬ್ಬರದು, ನಾಳೆ ಇನ್ನೊಬ್ಬರದು. ಎರಡು ಗುರುತು ಬೇಕು, ಅದರಲ್ಲಿ ಕೋಣೆಯ ನಂಬರ್ ಸೇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ನಮ್ಮ ಹಿರಿಯರಲ್ಲಿ ಅನೇಕರ ಜನ್ಮದಿನ ಅಂದಾಜಿನದಾದ್ದರಿಂದ ಹೆಸರಿನ ಜೊತೆ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೇ ನಂಬಿ. ಗಂಡನ ಅಥವಾ ತಂದೆಯ ಹೆಸರು ಹೆಚ್ಚುವರಿ ಆಸರೆ. ಅವಳಿ ಮಕ್ಕಳಾದರೆ ತಾಯಿಯ ಹೆಸರಿನ ಮುಂದೆ 1, 2 ಎಂದು ಬರೆದ ಪಟ್ಟಿಯನ್ನು ಹೆರಿಗೆ ಕೋಣೆಯಲ್ಲೇ ಕಟ್ಟಬೇಕು.

ಪ್ರಶ್ನೆ: ಆಪರೇಷನ್‌ಗೆ ಮುಂಚೆ ಅಪ್ಪನ ಬ್ಲಡ್ ಗ್ರೂಪ್ ನೋಡಲು ಎರಡು ಸಲ ರಕ್ತ ತೆಗೆದರು. ದುಡ್ಡು ಕೀಳುವ ಉಪಾಯವೇ?
— ಓದುಗರು, ಶಿವಮೊಗ್ಗ

ಉತ್ತರ: ಅಲ್ಲ, ಖುಷಿಪಡಿ. ಮೊದಲ ಟ್ಯೂಬಿನಲ್ಲಿ ಬೇರೆಯವರ ರಕ್ತವಿದ್ದರೆ ಕ್ರಾಸ್‌ಮ್ಯಾಚ್‌ನಲ್ಲೂ ಗೊತ್ತಾಗದು, ಏಕೆಂದರೆ ರೋಗಿಯ ರಕ್ತಕ್ಕೂ ಕೊಡುವ ರಕ್ತಕ್ಕೂ ಹೊಂದಿಕೆ ನೋಡುವ ಆ ಪರೀಕ್ಷೆ ನಡೆಯುವುದೂ ಅದೇ ಟ್ಯೂಬಿನ ರಕ್ತದಿಂದ. 'ಒ' ಗುಂಪಿನವರಿಗೆ 'ಎ' ರಕ್ತ ಹೋದರೆ ಕೆಂಪುಕಣಗಳು ಒಡೆದು, ಬಿಪಿ ಕುಸಿದು, ಕಿಡ್ನಿ ಕೈಕೊಟ್ಟು ಸಾವೂ ಬರಬಹುದು. ಬೇರೆ ಹೊತ್ತಿನಲ್ಲಿ, ಆದಷ್ಟು ಬೇರೆಯವರು ತೆಗೆದ ಎರಡನೇ ಸ್ಯಾಂಪಲ್ ಇದನ್ನು ಹಿಡಿಯುತ್ತದೆ. ಒಂದೇ ಚುಚ್ಚಿನಲ್ಲಿ ಎರಡು ಟ್ಯೂಬ್ ತುಂಬಿ, ಎರಡು ಸಮಯ ಬರೆದು ಕಳಿಸುವ ಜಾಣರೂ ಇದ್ದಾರೆ. ಆಗ ಎರಡನೆಯದಕ್ಕೆ ಅರ್ಥವೇ ಇಲ್ಲ.

ಪ್ರಶ್ನೆ: ಬಯಾಪ್ಸಿ ಡಬ್ಬಿಯ ಮುಚ್ಚಳದ ಮೇಲೆ ಹೆಸರು ಬರೆಯಬಹುದೇ?
— ಓಟಿ ಸಹಾಯಕ, ಗದಗ

ಉತ್ತರ: ಬೇಡ. ಲ್ಯಾಬಿನಲ್ಲಿ ಮುಚ್ಚಳ ತೆಗೆದ ಕ್ಷಣಕ್ಕೆ ಡಬ್ಬಿ ಅನಾಥ. ಡಬ್ಬಿಯ ಮೈಮೇಲೆ ಹೆಸರು, ನಂಬರ್, ಯಾವ ಜಾಗದ ತುಂಡು, ಎಡವೋ ಬಲವೋ ಎಂದು ಬರೆಯಿರಿ. ಹಲವು ತುಂಡುಗಳಿದ್ದರೆ ಒಂದೊಂದಕ್ಕೂ ಬೇರೆ ಡಬ್ಬಿ. ತುಂಡು ಕೆಡದಂತೆ ಕಾಯುವ ಶೇ 10ರ ಫಾರ್ಮಲಿನ್ ದ್ರಾವಣ ತುಂಡಿನ ಕನಿಷ್ಠ 10 ಪಟ್ಟು ಇರಲಿ. ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಸ್ಲೈಡಿಗೆ ಪೆನ್ ಬಳಸಬೇಡಿ, ಸ್ಪಿರಿಟ್‌ನಲ್ಲಿ ಅದ್ದಿದಾಗ ಶಾಯಿ ಕರಗುತ್ತದೆ. ಸ್ಲೈಡಿನ ಮಸುಕು ತುದಿಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ.

ಪ್ರಶ್ನೆ: ಹೆಸರಿಲ್ಲದ ಟ್ಯೂಬ್ ಬಂದಾಗ ವಾರ್ಡಿನಿಂದ ಫೋನ್ ಮಾಡಿ "ಅದು ನಮ್ಮದೇ, ನೀವೇ ಬರೆದುಕೊಳ್ಳಿ" ಎನ್ನುತ್ತಾರೆ. ಏನು ಮಾಡಲಿ?
— ಲ್ಯಾಬ್ ಟೆಕ್ನಿಷಿಯನ್, ಮೈಸೂರು

ಉತ್ತರ: ಬರೆಯಬೇಡಿ. ರಕ್ತವನ್ನು ಮತ್ತೆ ತೆಗೆಯಬಹುದು. ಬೆನ್ನುಹುರಿಯ ನೀರು, ಬಯಾಪ್ಸಿಯಂಥ ಮತ್ತೆ ಸಿಗದ ಸ್ಯಾಂಪಲ್‌ಗೆ ಮಾತ್ರ ವಿನಾಯಿತಿ: ತೆಗೆದವರೇ ಲ್ಯಾಬಿಗೆ ಬಂದು ಗುರುತಿಸಿ ಸಹಿ ಹಾಕಲಿ, ರಿಪೋರ್ಟಿನಲ್ಲೂ ಆ ವಿಷಯ ನಮೂದಾಗಲಿ. ರಕ್ತನಿಧಿಯ ಸ್ಯಾಂಪಲ್‌ಗೆ ಈ ವಿನಾಯಿತಿಯೂ ಇಲ್ಲ. ಹಳೆಯ ರಿಪೋರ್ಟ್ ಜೊತೆ ಹೋಲಿಸುವುದನ್ನೂ ರೂಢಿಸಿಕೊಳ್ಳಿ. ನಿನ್ನೆ ಎಂಸಿವಿ (ಕೆಂಪುಕಣಗಳ ಸರಾಸರಿ ಗಾತ್ರ) 72 ಇದ್ದವರಿಗೆ ಇಂದು 95 ಬಂದರೆ, ನಡುವೆ ರಕ್ತ ಕೊಟ್ಟಿಲ್ಲವಾದರೆ, ರಿಪೋರ್ಟ್ ತಡೆಹಿಡಿದು ವಾರ್ಡಿಗೆ ಫೋನ್ ಮಾಡಿ. ಹಾಗೇ ಆ ಹೊತ್ತಿಗೆ ಅದೇ ವಾರ್ಡಿನಿಂದ ಬಂದ ಬೇರೆ ಟ್ಯೂಬ್‌ಗಳನ್ನೂ ನಿಲ್ಲಿಸಿ: ಅದಲುಬದಲಾಗಿದ್ದರೆ ಇನ್ನೊಬ್ಬರ ರಿಪೋರ್ಟೂ ತಪ್ಪಾಗಿರುತ್ತದೆ.